ಅಮ್ಮನ ಕಿಡ್ನಿ ಕಾದವರಿಗೆ ಥ್ಯಾಂಕ್ಸ್

ಅಮ್ಮನ ರಿಪೋರ್ಟ್ ಬಂತು. ಇಜಿಎಫ್‌ಆರ್ 42. ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಂದಾಜು ಅದು, ಇಳಿದಷ್ಟೂ ಕೆಟ್ಟದ್ದು. ಹೋದ ವರ್ಷ 40 ಇತ್ತು. ಕಿಡ್ನಿ ಇನ್ನಷ್ಟು ಸವೆದಿಲ್ಲ. ಫೋನ್ ಮಾಡಿ ವಿಚಾರಿಸುತ್ತಲೇ ಇದ್ದ ನಿಮಗೆಲ್ಲ ಮೊದಲು ಇದನ್ನು ಹೇಳಬೇಕು ಅನ್ನಿಸಿತು.

ಅಮ್ಮನಿಗೆ 72. ಶಂಕರಪುರದ ಮನೆಯಲ್ಲಿ ಈಗಲೂ ಮಲ್ಲಿಗೆ ಕಟ್ಟುತ್ತಾರೆ. ಬೆರಳ ಗೆಣ್ಣುಗಳು ಕೆಂಪಗೆ ಊದಿ ಬಾಳೆನಾರು ಹಿಡಿಯಲೂ ಆಗದಿದ್ದಾಗ ಎಲ್ಲರೂ ವಾತ ಅಂದರು. ಒಬ್ಬ ವೈದ್ಯರು ತಿಂಗಳುಗಟ್ಟಲೆ ನೋವಿನ ಮಾತ್ರೆ ಬರೆದರು. ಆದರೆ ಅದು ಗೌಟ್, ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಗೆಣ್ಣುಗಳಲ್ಲಿ ಹರಳುಗಟ್ಟುವ ಕಾಯಿಲೆ. ಗೌಟ್ ಅಂದರೆ ಗಂಡಸರ ಕಾಯಿಲೆ, ಕಾಲಿನ ಹೆಬ್ಬೆರಳಿಗೇ ಬರುವುದು ಅಂತ ನಂಬಿಕೆ ಅಲ್ವಾ? ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಯೂರಿಕ್ ಆಸಿಡ್ ಏರುತ್ತದೆ. ವಯಸ್ಸಾದವರ ಕೈಬೆರಳಿಗೂ ಬರುತ್ತದೆ.

ಕಿಡ್ನಿ ಡಾಕ್ಟರಿಗೆ ನನ್ನ ದೊಡ್ಡ ನಮಸ್ಕಾರ. ಯೂರಿಕ್ ಆಸಿಡ್ 9.2 ನೋಡಿ ನಾವು ಗಾಬರಿಯಾಗಿದ್ದೆವು. ಅವರು ಪೆನ್ನಿನಿಂದ ಸುತ್ತು ಹಾಕಿದ್ದು ಕ್ರಿಯಾಟಿನಿನ್ 1.4ಕ್ಕೆ. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ ಅದು. ನೋಡಲಿಕ್ಕೆ ಸ್ವಲ್ಪವೇ ಜಾಸ್ತಿ. ಆದರೆ ಅಮ್ಮನ ವಯಸ್ಸು ಸೇರಿಸಿ ಲೆಕ್ಕ ಹಾಕಿದರೆ ಇಜಿಎಫ್‌ಆರ್ ಬರೀ 40. ಯೂರಿಕ್ ಆಸಿಡ್‌ನ ಮೂರರಲ್ಲಿ ಎರಡು ಪಾಲು ಹೊರಹೋಗುವುದೇ ಕಿಡ್ನಿಯಿಂದ. ಕಿಡ್ನಿ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ.

ಅವರು ಮೊದಲು ಮಾತ್ರೆ ಕಡಿಮೆ ಮಾಡಿದರು. ಕಿಡ್ನಿಗೆ ಪೆಟ್ಟು ಕೊಡುವ ನೋವಿನ ಮಾತ್ರೆ ನಿಲ್ಲಿಸಿದರು. ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡುವ ಔಷಧವಿತ್ತು, ಅದೂ ಯೂರಿಕ್ ಆಸಿಡ್ ಏರಿಸುತ್ತದಂತೆ, ಅದನ್ನು ಬದಲಾಯಿಸಿದರು. ಆಮೇಲೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್, 100 ಮಿಲಿಗ್ರಾಂ ಮಾತ್ರೆಯಲ್ಲಿ ಅರ್ಧದಿಂದ ಶುರು. ಮೈಮೇಲೆ ದದ್ದು ಎದ್ದರೆ ತಕ್ಷಣ ನಿಲ್ಲಿಸಿ ಬನ್ನಿ ಅಂತ ಎರಡೆರಡು ಸಲ ಹೇಳಿದರು.

"ಇದರಿಂದ ಕಿಡ್ನಿ ಸರಿಹೋಗುತ್ತಾ ಸಾರ್?" ಅಂತ ಕೇಳಿದೆ. "ಇದು ಗೆಣ್ಣು ನೋವಿಗೆ ಅಮ್ಮಾ. ಕಿಡ್ನಿಗೆ ಅಂತ ಭರವಸೆ ಕೊಡಲಾರೆ" ಅಂದರು. 2020ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ ಈ ಮಾತ್ರೆ ಯೂರಿಕ್ ಆಸಿಡ್ ಇಳಿಸಿದರೂ ಕಿಡ್ನಿ ಸವೆಯುವುದನ್ನು ತಡೆಯಲಿಲ್ಲವಂತೆ. ಸುಮ್ನೆ ಆಸೆ ಹುಟ್ಟಿಸದ ಆ ಮಾತಿಗೆ ನಾನು ಋಣಿ.

ಬೆಳಿಗ್ಗೆ ಮನೆಗೇ ಬಂದು ರಕ್ತ ತೆಗೆದ ಲ್ಯಾಬಿನ ಹುಡುಗನಿಗೆ, ಅಮ್ಮನ ಪಾಲಿನ ಮಲ್ಲಿಗೆಯನ್ನೂ ಕಟ್ಟಿಕೊಟ್ಟ ಪಕ್ಕದ ಮನೆ ಅಕ್ಕನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ! ಯೂರಿಕ್ ಆಸಿಡ್ ಏರಿಸುವ, ಆದರೆ ತನಗಿಷ್ಟದ ಬೂತಾಯಿ ಮೀನಿನ ಪುಳಿಮುಂಚಿಯನ್ನು ಗೊಣಗದೆ ಬಿಟ್ಟ ಅಮ್ಮನಿಗೂ. ಈಗ ಯೂರಿಕ್ ಆಸಿಡ್ 5.6. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ. ರಿಪೋರ್ಟ್ ಬಂದ ದಿನವೇ ತಿಳಿಸುತ್ತೇನೆ.