ಐದು ಕಿಲೋ ಮಗುವಿಗೆ ಯಾವ ಫಿಲ್ಟರ್? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಇಲಿ ಜ್ವರ, ಕೊಳಕುಮಂಡಲದ ಕಡಿತ, ರಕ್ತಕ್ಕೇರಿದ ಸೋಂಕು: ಮಲೆನಾಡಿನ ಮಕ್ಕಳ ಮೂತ್ರಪಿಂಡ ಕೈಕೊಡಲು ಕಾರಣಗಳು ಹಲವು. ಬಿ.ಪಿ. ಕುಸಿದ ಮಗು ಮಾಮೂಲಿ ನಾಲ್ಕು ಗಂಟೆಯ ಡಯಾಲಿಸಿಸ್ ತಡೆದುಕೊಳ್ಳುವುದು ಕಷ್ಟ. ಹಗಲು ರಾತ್ರಿ ನಿಧಾನವಾಗಿ ನಡೆಯುವ ಡಯಾಲಿಸಿಸ್, ಅಂದರೆ ಸಿಆರ್‌ಆರ್‌ಟಿ ಬೇಕಾಗುತ್ತದೆ. ಬೆಂಗಳೂರು ಸುಮಾರು 300 ಕಿ.ಮೀ.; ಮಣಿಪಾಲಕ್ಕೆ ಘಾಟಿ ಇಳಿಯಬೇಕು. ಹಾಗಾಗಿ ಶಿವಮೊಗ್ಗದಲ್ಲೇ ಈ ಚಿಕಿತ್ಸೆ ಸಿಗಬೇಕು. ಆದರೆ ಯಂತ್ರ ಕೊಂಡರೆ ಸಾಲದು, ಫಿಲ್ಟರ್ ಮಗುವಿನ ತೂಕಕ್ಕೆ ಹೊಂದಬೇಕು.

ಐದು ಕಿಲೋ ಮಗುವಿನ ಮೈಯಲ್ಲಿರುವುದು ಸುಮಾರು 400 ಮಿ.ಲೀ. ರಕ್ತ. ಎಸ್‌ಟಿ100 ಎಂಬ ಸೆಟ್ (ಫಿಲ್ಟರ್ ಮತ್ತು ಅದರ ಕೊಳವೆಗಳು) ತುಂಬಲು ಸುಮಾರು 150 ಮಿ.ಲೀ. ಬೇಕು, ಎಸ್‌ಟಿ60ಕ್ಕೆ 93, ಎಚ್‌ಎಫ್20ಕ್ಕೆ 60. ಮೈಯ ರಕ್ತದಲ್ಲಿ ಶೇಕಡಾ ಹತ್ತು ಹದಿನೈದಕ್ಕಿಂತ ಹೆಚ್ಚು ಹೊರಗೆ ಹೋದರೆ ಬಿ.ಪಿ. ಬೀಳುತ್ತದೆ. ಈ ಮಗುವಿಗೆ ಅತಿ ಚಿಕ್ಕ ಸೆಟ್ ಕೂಡ ಹದಿನೈದರ ಅಂಚಿಗೆ ಬರುತ್ತದೆ, ಸೆಟ್‌ಗೆ ಮೊದಲೇ ರಕ್ತ ತುಂಬಿಸಬೇಕು. ಹತ್ತು ಕಿಲೋ ಮಗುವಿಗಾದರೆ ಅದೇ ಎಚ್‌ಎಫ್20 ಸಲೈನ್‌ನಲ್ಲೇ ಶುರುವಾಗಬಹುದು.

ಗಾತ್ರದಷ್ಟೇ ಮುಖ್ಯ, ಫಿಲ್ಟರ್ ಒಳಗೆ ರಕ್ತ ಸೋಸುವ ಪೊರೆ. ಎಸ್‌ಟಿ ಸೆಟ್‌ಗಳಲ್ಲಿರುವುದು ಎಎನ್69 ಪೊರೆ. ರಕ್ತನಿಧಿಯ ರಕ್ತ ಆಮ್ಲೀಯ. ಅದು ಈ ಪೊರೆಗೆ ತಾಗಿದಾಗ ರಕ್ತನಾಳ ಹಿಗ್ಗಿಸುವ ಬ್ರಾಡಿಕೈನಿನ್ ಎಂಬ ವಸ್ತು ಹುಟ್ಟಿ, ಯಂತ್ರಕ್ಕೆ ಸಂಪರ್ಕ ಕೊಟ್ಟ ಕೆಲವೇ ನಿಮಿಷಗಳಲ್ಲಿ ಮಗುವಿನ ಬಿ.ಪಿ. ದಿಢೀರ್ ಇಳಿಯಬಹುದು. ತುಂಬುವ ರಕ್ತಕ್ಕೆ ಬೈಕಾರ್ಬೊನೇಟ್ ಸೇರಿಸಿ ಆಮ್ಲತೆ ಸರಿಪಡಿಸಬೇಕು, ಕ್ಯಾಲ್ಸಿಯಂ, ಪೊಟ್ಯಾಸಿಯಂ ನೋಡಬೇಕು, ರಕ್ತ ಆದಷ್ಟು ಹೊಸದಿರಬೇಕು. ಎಚ್‌ಎಫ್20ರ ಪೊರೆ ಬೇರೆ, ಈ ತೊಂದರೆ ಅದಕ್ಕಿಲ್ಲ. ಬೆಲೆಪಟ್ಟಿಯಲ್ಲಿ ಎರಡೂ ಬರೀ ‘ಫಿಲ್ಟರ್’ ಎಂದೇ ಕಾಣುತ್ತವೆ, ನಮ್ಮ ಆತಂಕ ಇದೇ.

ಚಿಕ್ಕ ಸೆಟ್‌ಗೂ ಕಷ್ಟವಿದೆ. ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆಯಲ್ಲಿ, ಅಂದರೆ ಕ್ಯಾತಿಟರ್‌ನಲ್ಲಿ ರಕ್ತ ನಿಧಾನವಾಗಿ ಹರಿಯುವುದರಿಂದ ಬೇಗ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದರೆ ಒಳಗಿನ ರಕ್ತ ಮಗುವಿಗೆ ವಾಪಸಾಗದು. ಹೊಸ ಸೆಟ್ ಹಾಕಿ ಮತ್ತೆ ರಕ್ತ ತುಂಬಿಸಬೇಕು. ಆದ್ದರಿಂದ ಒಂದು ಮಗುವಿಗೆ ಒಂದೇ ಫಿಲ್ಟರ್ ಎಂಬ ಲೆಕ್ಕ ನಡೆಯದು, ಪಕ್ಕದಲ್ಲಿ ಕನಿಷ್ಠ ಎರಡು ಹೆಚ್ಚುವರಿ ಇರಲೇಬೇಕು.

ಟೆಂಡರ್‌ನಲ್ಲಿ ಸೆಟ್ ಹಿಡಿಯುವ ರಕ್ತದ ಪ್ರಮಾಣ, ಪೊರೆಯ ಬಗೆ, ಹೊಂದುವ ತೂಕ ಈ ಮೂರನ್ನೂ ಬರೆಸಿ. 6.5 ಮತ್ತು 8 ಫ್ರೆಂಚ್ (ನಳಿಕೆಯ ದಪ್ಪದ ಅಳತೆ) ಕ್ಯಾತಿಟರ್, ರಕ್ತ ಬೆಚ್ಚಗಿಡುವ ಸಾಧನವನ್ನೂ ಸೇರಿಸಿ, ಇಲ್ಲದಿದ್ದರೆ ಕೂಸಿನ ಮೈ ತಣ್ಣಗಾಗುತ್ತದೆ. ಫಿಲ್ಟರ್ ಬರುವ ತನಕ ಹೊಟ್ಟೆಯ ಡಯಾಲಿಸಿಸ್ ಕ್ಯಾತಿಟರ್ ಮತ್ತು ದ್ರಾವಣ ಎಂದಿಗೂ ಖಾಲಿಯಾಗದಂತೆ ನೋಡಿಕೊಳ್ಳಿ.

ಇಂತಿ,
ಮಕ್ಕಳ ತೀವ್ರ ನಿಗಾ ಘಟಕದಲ್ಲಿ ದುಡಿಯುವವರು
ಶಿವಮೊಗ್ಗ