ಕ್ಯೋಟೋಗೆ ಹೊರಟ ಮೈತ್ರೇಯಿಗೆ

ಚಿರಂಜೀವಿ ಮೈತ್ರೇಯಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಜಪಾನಿನ ಕ್ಯೋಟೋಗೆ ಹೊರಟಿರುವೆಯೆಂದೂ, ಅಲ್ಲಿ ಸಸ್ಯಾಹಾರ ಸಿಗದೆಂಬ ಭಯದಿಂದ ಅವಲಕ್ಕಿ, ಚಟ್ನಿಪುಡಿಗಳನ್ನು ಕಟ್ಟಿಕೊಳ್ಳುತ್ತಿರುವೆಯೆಂದೂ ನಿನ್ನ ತಾಯಿಯಿಂದ ತಿಳಿಯಿತು. ಅವು ಚೀಲದಲ್ಲಿರಲಿ, ಬೇಡವೆನ್ನುವುದಿಲ್ಲ. ಆದರೆ ಹೊತ್ತುಹೊತ್ತಿಗೂ ಅವನ್ನೇ ತಿಂದುಕೊಂಡಿದ್ದರೆ, 794ರಿಂದ ಸಾವಿರ ವರ್ಷಕ್ಕೂ ಮಿಕ್ಕಿ ರಾಜಧಾನಿಯಾಗಿದ್ದ ಊರನ್ನು ಹೊರಗಿನಿಂದಷ್ಟೇ ನೋಡಿ ಬಂದಂತಾಗುತ್ತದೆ.

ಕ್ಯೋಟೋ ಕಡಲಿನಿಂದ ದೂರದ ಊರಾದ್ದರಿಂದ ಹಿಂದಿನ ಕಾಲದಲ್ಲಿ ಹಸಿ ಮೀನು ಅಲ್ಲಿಗೆ ತಲುಪುವುದು ಕಷ್ಟವಾಗಿತ್ತು. ಹೀಗಾಗಿ ತರಕಾರಿ, ಸೋಯಾ ಹಾಲನ್ನು ಒಡೆಸಿ ಪನೀರಿನಂತೆ ಗಟ್ಟಿಮಾಡಿದ ತೋಫು, ಆ ಹಾಲನ್ನು ಕಾಯಿಸುವಾಗ ಮೇಲೆ ಕಟ್ಟುವ ಕೆನೆಯಿಂದಾದ ಯುಬಾ ಇವುಗಳಲ್ಲಿ ಅಲ್ಲಿನವರ ಕೈ ಚೆನ್ನಾಗಿ ಪಳಗಿತು. ಝೆನ್ ಪಂಥದ ಬೌದ್ಧ ಮಠಗಳ ‘ಶೋಜಿನ್’ ಅಡುಗೆಯಲ್ಲಿ ಮೀನು, ಮಾಂಸಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ. ನಮ್ಮ ಮಠಗಳ ಪಂಕ್ತಿಯಲ್ಲಿ ಉಂಡು ಬೆಳೆದ ನಿನಗೆ ಈ ನಿಯಮ ಹೊಸದೇನಲ್ಲ. ಊರಿನ ಪಶ್ಚಿಮ ಅಂಚಿನ ಅರಾಶಿಯಾಮಾದ ತೆನ್ರ್ಯೂಜಿ ದೇವಾಲಯದ ಆವರಣದಲ್ಲಿರುವ ‘ಶಿಗೆತ್ಸು’ ಎಂಬಲ್ಲಿ ಮಧ್ಯಾಹ್ನ ಈ ಊಟ ಬಡಿಸುತ್ತಾರೆ. ಮುಂಚಿತವಾಗಿ ಸ್ಥಳ ಕಾಯ್ದಿರಿಸಿಕೊಂಡು, ಅಂದು ಬೇರೆ ಎರಡು ದೇವಾಲಯಗಳನ್ನು ಬಿಟ್ಟರೂ ಚಿಂತೆಯಿಲ್ಲ, ಅಲ್ಲಿ ನಿಧಾನವಾಗಿ ಕುಳಿತು ಉಣ್ಣು. ಎಳ್ಳನ್ನು ನುಣ್ಣಗೆ ಅರೆದು, ಕುಡ್ಜು ಗಡ್ಡೆಯ ಹಿಟ್ಟಿನೊಡನೆ ಕೈಬಿಡದೆ ಮಗುಚಿ, ನಮ್ಮ ಹಾಲುಬಾಯಿಯಂತೆ ಗಟ್ಟಿಯಾಗಿಸುವ ಎಳ್ಳಿನ ತೋಫು ಸಿಕ್ಕರೆ ಅದನ್ನು ಗಬಕ್ಕನೆ ನುಂಗಬೇಡ. ಅದರ ಪರಿಮಳ ನಾಲಗೆಯ ಮೇಲೆ ತಡವಾಗಿ ಏಳುತ್ತದೆ. ಮಠದ ಅಡುಗೆಯವನ ಕೆಲಸವೂ ಸಾಧನೆಯೇ ಎಂದು ಝೆನ್ ಪಂಥದ ದೋಗೆನ್ ಗುರುಗಳು 1237ರಲ್ಲಿಯೇ ಬರೆದಿಟ್ಟ ಮಾತಿನ ತೂಕ ನನಗೆ ತಿಳಿದದ್ದು ಇಂಥ ಊಟದ ಮುಂದೆಯೇ.

ಹೊರಗಿನ ಉಪಾಹಾರ ಗೃಹಗಳಲ್ಲಿ ಮಾತ್ರ ಎಚ್ಚರವಿರಲಿ. ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ಅದು ಬೆಂದಿರುವ ‘ದಾಶಿ’ ಎಂಬ ತಿಳಿಸಾರಿನಲ್ಲಿ ಸಾಮಾನ್ಯವಾಗಿ ಒಣಮೀನಿನ ಚೂರುಗಳ ಸತ್ವವಿರುತ್ತದೆ. ಹುದುಗಿಸಿದ ಸೋಯಾ ಹಿಟ್ಟಿನ ಮಿಸೋ ಸಾರು, ಉದೊನ್ ಎಂಬ ದಪ್ಪ ಶಾವಿಗೆ, ಬಜ್ಜಿಯಂಥ ತೆಂಪುರಾವನ್ನು ಅದ್ದಿಕೊಳ್ಳುವ ರಸ ಎಲ್ಲದಕ್ಕೂ ಅದೇ ಆಧಾರ. ಆದ್ದರಿಂದ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು; ದಾಶಿಯನ್ನು ಕೊಂಬು ಎಂಬ ಕಡಲಸೊಪ್ಪಿನಿಂದಲೋ ಒಣ ಅಣಬೆಯಿಂದಲೋ ಮಾಡಿದ್ದಾರೆಯೇ ಎಂದು ಕೇಳು. ಈ ಪ್ರಶ್ನೆಯನ್ನು ಜಪಾನೀ ಭಾಷೆಯಲ್ಲಿ ಬರೆಸಿಟ್ಟುಕೊಂಡರೆ ಒಳ್ಳೆಯದು.

ಊಟದ ನಡುವೆ, ತಿನ್ನಲು ಕೊಡುವ ಜೋಡಿ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡ, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಬೇಡ. ಇವೆರಡೂ ಅಲ್ಲಿ ಸಾವಿನ ಕರ್ಮಗಳಿಗೆ ಸೇರಿದವು. ನಿಶಿಕಿ ಮಾರುಕಟ್ಟೆಯಲ್ಲಿ ಕೊಂಡದ್ದನ್ನು ಅಂಗಡಿಯ ಬಳಿಯೇ ನಿಂತು ತಿನ್ನು, ನಡೆಯುತ್ತಾ ತಿನ್ನಬೇಡ. ಗಿಯೋನ್ ಎಂಬ ಹಳೆಯ ಬಡಾವಣೆಯ ಓಣಿಗಳಲ್ಲಿ, ಹಾಡು ನೃತ್ಯಗಳ ಕಲಾವಿದೆಯರಾದ ಗೇಯ್ಶಾಗಳನ್ನು ಅಡ್ಡಗಟ್ಟಿ ಚಿತ್ರ ತೆಗೆಯುವವರ ಗುಂಪಿಗೆ ನೀನು ಸೇರಕೂಡದು. ಅವರು ಕೆಲಸಕ್ಕೆ ಹೊರಟಿರುವ ಹೆಣ್ಣುಮಕ್ಕಳು.

ಬಿಡುವಿದ್ದರೆ ರೈಲಿನಲ್ಲಿ ಹತ್ತಿರದ ಚಹಾದ ಊರಾದ ಉಜಿಗೆ ಹೋಗಿ, ಹಸಿರು ಚಹಾ ಪುಡಿಯ ಮಾಚ್ಚಾ ಕುಡಿದು ಬಾ. ಜೊತೆಗೆ ಕೊಡುವ ಸಿಹಿಯನ್ನು ಮೊದಲು ತಿಂದರೆ ಚಹಾದ ಕಹಿ ಹಿತವಾಗಿ ಇಳಿಯುತ್ತದೆ. ತತಾಮಿ ಚಾಪೆಯ ಕೋಣೆಗಳಿಗೆಲ್ಲ ಪಾದರಕ್ಷೆ ಬಿಟ್ಟೇ ಹೋಗಬೇಕಾದ್ದರಿಂದ, ಸುಲಭವಾಗಿ ಕಳಚುವಂಥ ಷೂ ಹಾಗೂ ತೂತಿಲ್ಲದ, ಒಗೆದ ಕಾಲುಚೀಲಗಳನ್ನು ಸಾಕಷ್ಟು ಇಟ್ಟುಕೋ.

ಇಂತು ನಿನ್ನ ಶ್ರೇಯೋಭಿಲಾಷಿ,
ದೊಡ್ಡಪ್ಪ