ಗುಂಪಿಗೆ ಸೂಚನೆ: ಪುಶ್ ಮಾಡಿದರೆ ಇನ್ನು ಎಲ್ಲರಿಗೂ ಮೇಲ್

ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆಯಿಂದ ನಮ್ಮ ಜಯನಗರ ಆಫೀಸಿನ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ) ಸರ್ವರ್‌ಗೆ ಯಾರು ಕೋಡ್ ಪುಶ್ ಮಾಡಿದರೂ, ಅಂದರೆ ಕಳಿಸಿದರೂ, ತಂಡದವರಿಗೆಲ್ಲ ತಾನಾಗಿಯೇ ಮೇಲ್ ಬರುತ್ತದೆ. ಮೊನ್ನೆ ನಾನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಇಬ್ಬರು ಒಂದೇ ಫೈಲನ್ನು ತಿದ್ದಿದ್ದರು. ಗೊತ್ತಾಗಿದ್ದು ಮಾರನೇ ದಿನ. ಅದಕ್ಕೇ ಈ ಏರ್ಪಾಡು.

ಕೆಲಸ ಮಾಡುವುದು ಹುಕ್ಸ್ ಫೋಲ್ಡರಿನಲ್ಲಿರುವ ಪೋಸ್ಟ್-ರಿಸೀವ್ ಅನ್ನುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ. ಕೋಡ್ ಸರ್ವರ್‌ಗೆ ಸೇರಿದ ಮೇಲೆ ಗಿಟ್ ಇದನ್ನು ಓಡಿಸುತ್ತದೆ. ಹಳೇ ಕಮಿಟ್ (ಉಳಿಸಿದ ಬದಲಾವಣೆ) ಗುರುತು, ಹೊಸ ಕಮಿಟ್ ಗುರುತು, ಬ್ರಾಂಚಿನ (ಕೋಡಿನ ಕವಲಿನ) ಹೆಸರು ಮೂರನ್ನೂ ಸ್ಕ್ರಿಪ್ಟಿಗೆ ಒಂದು ಸಾಲಿನಲ್ಲಿ ಕೊಡುತ್ತದೆ. ಹೊಸ ಬ್ರಾಂಚ್ ಆದರೆ ಹಳೇ ಕಮಿಟ್ ಜಾಗದಲ್ಲಿ 40 ಸೊನ್ನೆ ಕಾಣಿಸುತ್ತವೆ, ಗಾಬರಿ ಬೇಡ. ಮೇಲ್ ಕೈಕೊಟ್ಟರೂ ನಿಮ್ಮ ಕೋಡ್ ಎಲ್ಲೂ ಹೋಗುವುದಿಲ್ಲ.

ನಾನು ಅರ್ಧ ದಿನ ಒದ್ದಾಡಿದ್ದು ಮಾತ್ರ ಚಿಲ್ಲರೆ ವಿಷಯಕ್ಕೆ. ಸ್ಕ್ರಿಪ್ಟಿಗೆ ಎಕ್ಸಿಕ್ಯೂಟ್ ಪರ್ಮಿಷನ್ (ಓಡಿಸುವ ಅನುಮತಿ) ಕೊಟ್ಟಿರಲಿಲ್ಲ! ಫೈಲನ್ನು ಸುಮ್ನೆ ಇಟ್ಟರೆ ಗಿಟ್ ಅದನ್ನು ಓಡಿಸುವುದಿಲ್ಲ. ಸಿಎಚ್‌ಮಾಡ್ (ಪರ್ಮಿಷನ್ ಬದಲಿಸುವ ಕಮಾಂಡ್) ಹೊಡೆದು ಮತ್ತೆ ಪುಶ್ ಮಾಡಿದೆ, ಮೇಲ್ ಬಂತು.

ಸಬ್ಜೆಕ್ಟಿನ ಶುರುವಿನಲ್ಲೇ ಪ್ರಾಜೆಕ್ಟಿನ ಹೆಸರು ಇರುತ್ತದೆ, ಬೇಕಾದವರು ಫಿಲ್ಟರ್ ಹಾಕಿಕೊಳ್ಳಿ. ಕಮಿಟ್ ಮೆಸೇಜಿನಲ್ಲಿ ಬರೀ "ಫಿಕ್ಸ್" ಅಂತ ಬರೆಯಬೇಡಿ, ಇನ್ನು ಎಲ್ಲರೂ ಓದುತ್ತಾರೆ ಅಲ್ವಾ? ಮೇಲ್ ಬರದಿದ್ದರೆ ಮೊದಲು ಸ್ಪ್ಯಾಮ್ ನೋಡಿ, ಆಮೇಲೆ ನನಗೆ ಫೋನ್ ಮಾಡಿ.